ತೂಬಿನಲ್ಲಿ ನಿಂತು ಕೆರೆ ಅಳೆದರೆ

ಚನ್ನಗಿರಿ ಸೀಮೆಯ ಸೂಳೆಕೆರೆಗೆ ಎರಡು ತೂಬು: ಸಿದ್ದನ ತೂಬು, ಬಸವನ ತೂಬು. ತೂಬಿನಿಂದ ಹರಿದ ನೀರನ್ನಷ್ಟೇ ಅಳೆದು ಕೆರೆಯಲ್ಲಿರುವುದು ಇಷ್ಟೇ ಎಂದರೆ ಅಚ್ಚುಕಟ್ಟಿನ ಯಾವ ರೈತನೂ ಒಪ್ಪುವುದಿಲ್ಲ. ದೀರ್ಘ ಕೋವಿಡ್ ಎಷ್ಟು ಜನರನ್ನು, ಯಾರನ್ನು ಹಿಡಿದಿದೆ ಎಂದು ನಾವು ಎಣಿಸಿದ್ದು ಮಾತ್ರ ಹೀಗೆಯೇ.

ಭಾರತದ ಮಟ್ಟಿಗೆ ದೊಡ್ಡ ಲೆಕ್ಕವೆಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನ. ಕೋವಿಡ್‌ಗೆ ದಾಖಲಾಗಿ 31 ಆಸ್ಪತ್ರೆಗಳಿಂದ ಮನೆಗೆ ಹೋದ 14,419 ಮಂದಿಯನ್ನು ಒಂದು ವರ್ಷದವರೆಗೆ ಫೋನಿನಲ್ಲಿ ವಿಚಾರಿಸುತ್ತ ಬಂದರು. ಅವರಲ್ಲಿ ಶೇ 6.5ರಷ್ಟು ಜನ ವರ್ಷದೊಳಗೆ ತೀರಿಕೊಂಡಿದ್ದರು. ಶೇ 17.1ರಷ್ಟು ಜನರಿಗೆ ಮೊದಲ ಒಂದೆರಡು ತಿಂಗಳಲ್ಲಿ ಸುಸ್ತು, ಏದುಸಿರು, ಗಮನ ನಿಲ್ಲದಿರುವಿಕೆಯಂಥ ತೊಂದರೆ ಉಳಿದಿತ್ತು. ಸೋಂಕಿಗೆ ಮೊದಲೇ ಲಸಿಕೆ ಪಡೆದವರಲ್ಲಿ ಸಾವಿನ ಸಾಧ್ಯತೆ ಸುಮಾರು ಶೇ 60 ಕಡಿಮೆ ಎಂದೂ ಆ ಅಧ್ಯಯನ ತೋರಿಸಿಕೊಟ್ಟಿತು. ಬಿಡುಗಡೆಯ ನಂತರದ ಸಾವನ್ನು ಇಷ್ಟು ಶ್ರದ್ಧೆಯಿಂದ ಹಿಂಬಾಲಿಸಿದ್ದಕ್ಕೆ ನನಗೆ ಗೌರವವಿದೆ. ಆದರೆ ಇದು ಆಸ್ಪತ್ರೆಯ ಹಾಸಿಗೆ ಸಿಕ್ಕವರ ಲೆಕ್ಕ. ದೀರ್ಘ ಕೋವಿಡ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ವ್ಯಾಖ್ಯಾನದಲ್ಲಿ ಹಾಸಿಗೆಯ ಮಾತೇ ಇಲ್ಲ, ಪರೀಕ್ಷೆಯ ಚೀಟಿಯೂ ಕಡ್ಡಾಯವಲ್ಲ. ಸೋಂಕು ತಗುಲಿರುವ ಸಂಭವವಿದ್ದು, ಮೂರು ತಿಂಗಳಾದರೂ ತೊಂದರೆ ಕಾಡುತ್ತಿದ್ದು, ಕನಿಷ್ಠ ಎರಡು ತಿಂಗಳು ಉಳಿದು, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ ಸಾಕು.

ಚೀಟಿಯಿಲ್ಲದವರು ಎಷ್ಟಿದ್ದರು? ಸೆಪ್ಟೆಂಬರ್ 2020ರ ಕರ್ನಾಟಕ ಸರ್ಕಾರದ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 27.3ರಷ್ಟು, ಎಂದರೆ 1.93 ಕೋಟಿ ಜನರಿಗೆ ಅಷ್ಟರಲ್ಲಾಗಲೇ ಸೋಂಕು ತಗುಲಿತ್ತು. ಆಗ ಪರೀಕ್ಷೆಯಲ್ಲಿ ಖಚಿತವಾಗಿದ್ದವರು ಐದು ಲಕ್ಷದ ಆಸುಪಾಸು.

ನಮ್ಮ ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿಯಲು ಕೂರುವವರು ಬಹುಪಾಲು ಹೆಂಗಸರು. ಎಷ್ಟು ಸುಲಿದರೆ ಅಷ್ಟು ಕೂಲಿ. ಎರಡನೇ ಅಲೆಯಲ್ಲಿ ಜ್ವರ ಬಂದು ಕಷಾಯ, ಮಾತ್ರೆಯಲ್ಲೇ ಎದ್ದ ಒಬ್ಬ ಅಕ್ಕನನ್ನು ನಾನು ಆ ಸುಗ್ಗಿಯಲ್ಲಿ ನೋಡುತ್ತಿದ್ದೆ. ಮೆಟ್ಟುಗತ್ತಿಯ ಮುಂದೆ ಕೂತು ಒಂದಿಷ್ಟು ಕಾಯಿ ಸುಲಿದವಳು ಕೈ ತೊಡೆಯ ಮೇಲಿಟ್ಟು ಸುಮ್ಮನಾಗುತ್ತಿದ್ದಳು. “ಮೈಯಾಗೆ ಸತುವಿಲ್ಲ ಕಣಣ್ಣ, ಇವತ್ತು ದುಡಿದ್ರೆ ನಾಳೆ ಏಳಕ್ಕಾಗಲ್ಲ” ಎಂದಿದ್ದಳು. ದುಡಿದ ಮರುದಿನ ನೆಲ ಹಿಡಿಸುವ ಈ ಸುಸ್ತು ದೀರ್ಘ ಕೋವಿಡ್‌ನ ಮುಖ್ಯ ಗುರುತುಗಳಲ್ಲಿ ಒಂದು. ಅವಳದು ಅದೇ ಎಂದು ನಾನು ಹೇಳಲಾರೆ. ಯಾರೂ ಅವಳನ್ನು ಕೇಳಲಿಲ್ಲ ಎಂಬುದನ್ನು ಹೇಳಬಲ್ಲೆ.

ಮನೆಮನೆಯ ಜನರನ್ನೇ ಕೇಳಿದ ದೇಶಗಳ ಚಿತ್ರ ಬೇರೆ. ಅಮೆರಿಕದ 2022ರ ಸಮೀಕ್ಷೆಯಲ್ಲಿ ದೀರ್ಘ ಕೋವಿಡ್ ಅನುಭವಿಸಿದ್ದಾಗಿ ಹೇಳಿದ ವಯಸ್ಕರು ಶೇ 6.9, ಹೆಂಗಸರಲ್ಲಿ ಶೇ 8.5, ಗಂಡಸರಲ್ಲಿ ಶೇ 5.2. ಬ್ರಿಟನ್ನಿನಲ್ಲಿ 2023ರ ಮಾರ್ಚ್‌ನಲ್ಲಿ 19 ಲಕ್ಷ ಜನ. ಅಲ್ಲಿಯೂ ಹೆಂಗಸರು, ನಡುವಯಸ್ಕರು, ಬಡ ಬಡಾವಣೆಯವರು ಹೆಚ್ಚು. ಜನ ತಾವೇ ಹೇಳಿದ್ದನ್ನು ನಂಬಿದ ಲೆಕ್ಕವಾದ್ದರಿಂದ ಇವುಗಳಲ್ಲೂ ಏರುಪೇರು ಇರಬಹುದು. ಐಸಿಎಂಆರ್ ಅಧ್ಯಯನದಲ್ಲಾದರೋ ಸಾವಿನ ಭಾರ ಬಿದ್ದದ್ದು ಗಂಡಸರು, ವಯಸ್ಸಾದವರು, ಬೇರೆ ಕಾಯಿಲೆಯಿದ್ದವರ ಮೇಲೆ. ಸಾಯುವವರೇ ಬೇರೆ, ನರಳುವವರೇ ಬೇರೆ. ಆಸ್ಪತ್ರೆಯ ದಾಖಲೆಯನ್ನಷ್ಟೇ ಹಿಡಿದು ಕೂತರೆ ಎರಡನೆಯವರು ಕಾಣುವುದಿಲ್ಲ.

ಆ ಜ್ವರದ ದಿನಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಯಾರಿಗೆ ಕೆಮ್ಮು, ಯಾರಿಗೆ ಜ್ವರ ಎಂದು ಬರೆದುಕೊಂಡವರು. ಮೂರು ತಿಂಗಳು ಬಿಟ್ಟು ಅದೇ ಬಾಗಿಲಲ್ಲಿ ನಿಂತು “ಮೊದಲಿನಂಗೆ ಕೆಲಸ ಮಾಡಕ್ಕಾಗ್ತೈತೇನಕ್ಕ?” ಎಂದು ಕೇಳುವ ಕೆಲಸವನ್ನು ಅವರಿಗೆ ಯಾರೂ ವಹಿಸಲಿಲ್ಲ.