ರಾಹುವಿನ ತಲೆ, ರಾಕೆಟ್ಟಿನ ಪೂಜೆ

ಭೂಮಿ ಗುಂಡಗಿದೆಯೋ ಚಪ್ಪಟೆಯೋ ಅನ್ನುವ ಜಗಳ ಮುಗಿದು ಎಷ್ಟೋ ಕಾಲವಾಯಿತು ಅಂತ ನಾವು ತಿಳಿದಿದ್ದೇವೆ. ಮುಗಿದಿಲ್ಲ. ಭೂಮಿ ಹಪ್ಪಳದ ಹಾಗಿದೆ, ಚಂದ್ರನ ಮೇಲೆ ಯಾರೂ ಇಳಿದೇ ಇಲ್ಲ, ಎಲ್ಲ ಅಮೆರಿಕದವರ ಸಿನಿಮಾ ಅನ್ನುವವರು ಇದ್ದಾರೆ. ಇವರು ತಮ್ಮನ್ನು ಸಂದೇಹವಾದಿಗಳು ಅಂತ ಕರೆದುಕೊಳ್ಳುತ್ತಾರೆ. ಇನ್ನೊಂದು ಕಡೆ, ಇದೆಲ್ಲ ನಮ್ಮ ವೇದಪುರಾಣಗಳಲ್ಲೇ ಇತ್ತು, ಹೊಸದೇನಲ್ಲ ಅನ್ನುವ ಭಕ್ತರಿದ್ದಾರೆ. ಈ ಇಬ್ಬರ ಜಗಳದಲ್ಲಿ ನಮ್ಮ ಜಾಗ ಯಾವುದು? ಈ ಪ್ರಶ್ನೆಯನ್ನು ಊರಿನಿಂದಲ್ಲ, ಕೇರಿಯಲ್ಲಿ ನಿಂತು ಕೇಳಬೇಕಾಗಿದೆ.

ನಮ್ಮ ದೇಶದಲ್ಲಿ ಸುಳ್ಳು ಬೆಳೆದದ್ದು ಸತ್ಯ ಗೊತ್ತಿಲ್ಲದ್ದರಿಂದ ಮಾತ್ರವಲ್ಲ. ಗೊತ್ತಿದ್ದವರೇ ಅದಕ್ಕೆ ನೀರೆರೆದರು. ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ ಭೂಮಿ ಗುಂಡಗಿದೆ, ತನ್ನ ಸುತ್ತ ತಾನೇ ತಿರುಗುತ್ತದೆ ಅಂದ. ದೋಣಿಯಲ್ಲಿ ಹೋಗುವವನಿಗೆ ದಡದ ಮರ ಹಿಂದಕ್ಕೆ ಓಡಿದಂತೆ ಕಾಣುತ್ತದಲ್ಲ, ನಕ್ಷತ್ರಗಳೂ ಹಾಗೇ ಅಂತ ವಿವರಿಸಿದ. ಗ್ರಹಣ ಅಂದರೆ ನೆರಳು, ಬೇರೇನಲ್ಲ ಅಂದ. ಆಮೇಲೆ ಬಂದ ವರಾಹಮಿಹಿರ, ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹದ್ದು ತನ್ನ ಗೂಡಿಗೆ ಮರಳುವುದು ಹೇಗೆ ಅಂತ ಕೇಳಿದ. ಇದು ಪ್ರಾಮಾಣಿಕವಾದ ಪ್ರಶ್ನೆ. ಇಂಥ ಜಗಳದಿಂದ ವಿಜ್ಞಾನ ಬೆಳೆಯುತ್ತದೆ.

ಆದರೆ 628ರಲ್ಲಿ ಬ್ರಹ್ಮಗುಪ್ತ ಮಾಡಿದ್ದು ಬೇರೆ. ಗ್ರಹಣ ನೆರಳಿನಿಂದ ಆಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಲೆಕ್ಕ ಹಾಕಿದ್ದೂ ನೆರಳಿನ ಮೇಲೆಯೇ. ಆದರೂ ತನ್ನ ಗ್ರಂಥದಲ್ಲಿ, ರಾಹುವಿನ ತಲೆಯೇ ನುಂಗುತ್ತದೆ, ಅಲ್ಲವೆನ್ನುವುದು ಮೂರ್ಖತನ ಅಂತ ಬರೆದ. ಕಾರಣ ಕೊಟ್ಟದ್ದು ಏನು? ವೇದಸ್ಮೃತಿಗಳು ಹಾಗೆ ಹೇಳಿವೆ. ರಾಹು ಇಲ್ಲವೆಂದರೆ ಗ್ರಹಣಕಾಲದಲ್ಲಿ ಬ್ರಾಹ್ಮಣರು ನಡೆಸುವ ಆಚಾರವೆಲ್ಲ ಹುಸಿಯಾಗಿಬಿಡುತ್ತದೆ. ಇಷ್ಟೇ! ಸತ್ಯ ಹೇಳಿದರೆ ಆಚಾರ ಬೀಳುತ್ತದೆ, ಆದ್ದರಿಂದ ಸತ್ಯ ಲೆಕ್ಕದ ಪುಟದಲ್ಲಿರಲಿ, ಜನರಿಗೆ ರಾಹು ಇರಲಿ. ಇದನ್ನು ಮೊದಲು ಹಿಡಿದವರು ನಾವಲ್ಲ. ಸುಮಾರು 1030ರಲ್ಲಿ ಆಲ್ಬೆರೂನಿ ಈ ಮಾತುಗಳನ್ನು ಎತ್ತಿ ತೋರಿಸಿ, ಇದು ಆತ್ಮಸಾಕ್ಷಿಗೆ ಬಗೆದ ದ್ರೋಹ ಅಂದಿದ್ದಾನೆ. ಸಾಕ್ರೆಟೀಸನಿಗೆ ಬಂದಂಥ ಗತಿ ಇವನಿಗೂ ಎದುರಾಗಿರಬೇಕು ಅಂತ ಕನಿಕರವನ್ನೂ ತೋರಿಸಿದ್ದಾನೆ.

ಹೀಗೆ ಪಂಡಿತನ ಮನೆಯೊಳಗೆ ಒಂದು ಭೂಮಿ, ಜನರಿಗೆ ಇನ್ನೊಂದು ಭೂಮಿ. ಒಳಗೆ ಗೋಳ. ಹೊರಗೆ ಮೇರುಪರ್ವತ, ಏಳು ದ್ವೀಪ, ಹಾಲು ಮೊಸರು ತುಪ್ಪದ ಸಮುದ್ರಗಳು. ಮಜ್ಜಿಗೆಗೂ ಗತಿಯಿಲ್ಲದ ಕೇರಿಯ ಜನ ತುಪ್ಪದ ಸಮುದ್ರದ ಕತೆ ಕೇಳುತ್ತ ಕೈ ಮುಗಿಯಬೇಕಾಯಿತು. ಅಕ್ಷರವನ್ನೇ ಕೊಡದ ಮೇಲೆ ಗಣಿತ ಎಲ್ಲಿಂದ ಬರಬೇಕು? ಆಮೇಲೆ ಆ ಜನರನ್ನೇ ಮೂಢರು ಅಂತ ಹಂಗಿಸಿದರು.

ರಾಹುವಿನ ಕತೆಯನ್ನೇ ಇನ್ನೊಮ್ಮೆ ನೋಡಿ. ಸಮುದ್ರ ಕಡೆಯಲು ಅಸುರರೂ ಬೇಕಿತ್ತು, ಹಗ್ಗ ಎಳೆದರು. ಅಮೃತ ಬಡಿಸುವಾಗ ಅವರಿಗಿಲ್ಲ. ಒಬ್ಬ ಅಸುರ ವೇಷ ಬದಲಿಸಿ ದೇವತೆಗಳ ಪಂಕ್ತಿಯಲ್ಲಿ ಕೂತು ಕುಡಿದ. ಸೂರ್ಯ ಚಂದ್ರರು ಚಾಡಿ ಹೇಳಿದರು. ವಿಷ್ಣು ತಲೆ ಕತ್ತರಿಸಿದ. ಇದು ಆಕಾಶದ ಕತೆಯೇ? ನಮ್ಮೂರಿನ ಕತೆ ಅಲ್ಲವೇ? ದುಡಿಯುವಾಗ ಬಾ, ಉಣ್ಣುವಾಗ ದೂರ ನಿಲ್ಲು. ಪಂಕ್ತಿಯಲ್ಲಿ ಕೂತರೆ ತಲೆ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಗ್ರಹಣ ಹಿಡಿದಾಗ ಮಹಾರ, ಮಾಂಗ ಜನ ದಾನ ಕೊಡಿ, ಗ್ರಹಣ ಬಿಡಲಿ ಅಂತ ಬೀದಿಯಲ್ಲಿ ಕೂಗಿಕೊಂಡು ಹೋಗುವ ಪದ್ಧತಿ ಇತ್ತು. ರಾಹುವನ್ನು ಅಸ್ಪೃಶ್ಯರ ಕುಲಕ್ಕೆ ಸೇರಿಸಿ, ಆಕಾಶದಲ್ಲೂ ಒಂದು ಹೊಲಗೇರಿ ಕಟ್ಟಿದರು. ಆದ್ದರಿಂದ ಗ್ರಹಣ ನೆರಳಾಟ ಅಂತ ಹೇಳುವುದು ನಮಗೆ ಬರೀ ಪಾಠವಲ್ಲ, ಆ ಹೊಲಗೇರಿಯನ್ನು ಕೆಡವುವ ಕೆಲಸ.

ಈಗ ನಮ್ಮ ಕಾಲಕ್ಕೆ ಬರೋಣ. 1975ರ ಏಪ್ರಿಲ್ 19ರಂದು ಭಾರತದ ಮೊದಲ ಉಪಗ್ರಹ ಸೋವಿಯತ್ ನೆಲದಿಂದ ಹಾರಿತು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಹೆಸರು ಆರ್ಯಭಟ. ರಾಹುವನ್ನು ಒಪ್ಪದವನ ಹೆಸರು! 2023ರ ಆಗಸ್ಟ್ 23ರಂದು ಚಂದ್ರಯಾನ–3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಯಿತು. ನಮಗೂ ಹೆಮ್ಮೆಯೇ. ಆದರೆ ಅದು ಹಾರುವ ಮುನ್ನ ವಿಜ್ಞಾನಿಗಳ ತಂಡ ಅದರ ಪುಟ್ಟ ಮಾದರಿಯನ್ನು ತಿರುಪತಿ ಬೆಟ್ಟಕ್ಕೆ ಒಯ್ದು ಪೂಜೆ ಮಾಡಿಸಿತು. ಒಬ್ಬೊಬ್ಬರ ಭಕ್ತಿ ಅವರವರ ಮನೆಯದು, ನಾವು ಕೇಳುವುದಿಲ್ಲ. ಜನರ ದುಡ್ಡಿನ ಯಂತ್ರವನ್ನು ದೇವರ ಮುಂದಿಟ್ಟರೆ ಹಳ್ಳಿಯ ಹುಡುಗನಿಗೆ ಸಿಗುವ ಪಾಠ ಯಾವುದು? ಲೆಕ್ಕದಲ್ಲಿ ನೆರಳು, ಬಾಯಲ್ಲಿ ರಾಹು. ಬ್ರಹ್ಮಗುಪ್ತ ಸತ್ತಿಲ್ಲ.

ಈ ಎರಡು ನಾಲಗೆಯ ಬೆಲೆ ತೆರುವವರು ಯಾರು? 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ಹಳ್ಳಿಯಲ್ಲಿ ಅಂಗವಿಕಲ ಮಕ್ಕಳನ್ನು, ವಾಸಿಯಾಗುತ್ತದೆ ಅನ್ನುವ ನಂಬಿಕೆಯಿಂದ, ಕತ್ತಿನವರೆಗೆ ಮಣ್ಣಲ್ಲಿ ಹೂತರು. ಆ ತಾಯಂದಿರನ್ನು ಬಯ್ಯುವುದು ಸುಲಭ. ಆಸ್ಪತ್ರೆಯೂ ಅರಿವೂ ತಲುಪದ ಕಡೆ ಹತಾಶೆ ಮಣ್ಣು ತೋಡುತ್ತದೆ.

ಹಾಗಾದರೆ ಎಲ್ಲವನ್ನೂ ಸುಳ್ಳೆನ್ನುವವರ ಜೊತೆ ಸೇರೋಣವೇ? ಖಂಡಿತ ಬೇಡ. ಅವರ ಸಂದೇಹ ಬಂಡಾಯವಲ್ಲ. ಬಂಡಾಯದ ಸಂದೇಹ ಪರೀಕ್ಷೆ ಕೇಳುತ್ತದೆ, ಪರೀಕ್ಷೆಯ ಫಲಕ್ಕೆ ತಲೆಬಾಗುತ್ತದೆ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ಮಾಡಿ ಪವಾಡಗಳನ್ನು ಪರೀಕ್ಷೆಗೆ ಕರೆದದ್ದು ಅಂಥ ಸಂದೇಹ. ಯಾವ ಪುರಾವೆ ತೋರಿಸಿದರೂ ಅದೂ ಮೋಸ ಅನ್ನುವುದು ತಿರುಗಿಸಿ ಉಟ್ಟ ಭಕ್ತಿ, ಅಷ್ಟೆ.

ನಮ್ಮ ಗೆಳೆಯರಲ್ಲೇ ಕೆಲವರು ಮತ್ತೊಂದು ಮಾತು ಎತ್ತುತ್ತಾರೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ? ಅಮೆರಿಕದ ಕರಿಯರು ಇದನ್ನು ಮೊದಲೇ ಕೇಳಿದ್ದರು. 1969ರ ಜುಲೈ 15, ಅಪೋಲೊ–11 ಹಾರುವ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗರ ಒಡನಾಡಿ ರಾಲ್ಫ್ ಅಬರ್ನಥಿ ಹಸಿದ ಕುಟುಂಬಗಳನ್ನೂ ಹೇಸರಗತ್ತೆ ಗಾಡಿಗಳನ್ನೂ ಕರೆದುಕೊಂಡು ಉಡಾವಣಾ ಕೇಂದ್ರದ ಬಾಗಿಲಿಗೇ ಹೋದರು. ಹಸಿವಿಗೆ ದುಡ್ಡಿಲ್ಲ, ಚಂದ್ರನಿಗೆ ಮಾತ್ರ ಹೇಗೆ ಬಂತು ಅಂತ ಕೇಳಿದರು. ಆದರೆ ಆ ಯಾನ ಸುಳ್ಳು ಅನ್ನಲಿಲ್ಲ. ಹೋಗುವವರ ಕ್ಷೇಮಕ್ಕೆ ಪ್ರಾರ್ಥಿಸಿದರು. ನಮ್ಮ ದಾರಿಯೂ ಅದೇ. ರಾಕೆಟ್ಟು ಬೇಡ ಅನ್ನುವುದಿಲ್ಲ. ಚಂದ್ರನ ಮೇಲೆ ಯಂತ್ರ ಇಳಿಸುವ ದೇಶ ಮಲದ ಗುಂಡಿಗೆ ಮನುಷ್ಯನನ್ನು ಯಾಕೆ ಇಳಿಸುತ್ತದೆ? 2013ರ ಕಾನೂನು ಬಂದ ಮೇಲೂ ಗುಂಡಿಯಲ್ಲಿ ಉಸಿರುಕಟ್ಟಿ ಸತ್ತವರ ಜಾತಿ ಯಾವುದು? ಇದು ನಮ್ಮ ಪ್ರಶ್ನೆ.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ಮುಂದಿನ ಚಂದ್ರಗ್ರಹಣದ ರಾತ್ರಿ ಊರಿನ ಮಕ್ಕಳನ್ನೂ ಕೇರಿಯ ಮಕ್ಕಳನ್ನೂ ಒಟ್ಟಿಗೆ ಶಾಲೆಯ ಅಂಗಳಕ್ಕೆ ಕರೆಯಿರಿ. ಒಂದು ಲಾಟೀನು, ಒಂದು ತಟ್ಟೆ, ಒಂದು ಚೆಂಡು ಸಾಕು. ತಟ್ಟೆಯನ್ನು ಓರೆ ಹಿಡಿದರೆ ನೆರಳು ಗೆರೆಯಾಗುತ್ತದೆ; ಚೆಂಡನ್ನು ಹೇಗೆ ಹಿಡಿದರೂ ನೆರಳು ಗುಂಡಗೇ. ಆಮೇಲೆ ಚಂದ್ರನ ಮೇಲೆ ಬೀಳುವ ಭೂಮಿಯ ನೆರಳಿನ ಅಂಚನ್ನು ಅವರೇ ನೋಡಲಿ. ಗ್ರಹಣ ಬಿಡುವ ಮುಂಚೆಯೇ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಿ. ಯಾರ ತಲೆ ಹೋಗುತ್ತದೋ ನೋಡೋಣ.