ಹೆಗಲ ಮೇಲೆ ಕಾದಂಬರಿ ಹೊತ್ತವರು

ಹಲಗೇರಿಯಂಥ ಊರಲ್ಲಿ ಕೂತು ಕಾದಂಬರಿ ಓದುವ ನಮ್ಮಂಥವರು ಒಬ್ಬರಿಗೆ ಋಣಿಗಳು: ಗಳಗನಾಥ. ಅವರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ಹುಟ್ಟಿದರು. ವರದೆ ತುಂಗಭದ್ರೆಯನ್ನು ಕೂಡುವ ಆ ಊರಿನ ಹೆಸರೇ ಅವರ ಕಾವ್ಯನಾಮವಾಯಿತು.

ಶಾಲಾ ಮಾಸ್ತರಿಕೆ ಅವರ ವೃತ್ತಿ, ಬರವಣಿಗೆ ಅವರ ವ್ರತ. ಮರಾಠಿ ಓದಿನ ಪ್ರಭಾವ ದಟ್ಟವಾಗಿದ್ದ ಆ ಕಾಲದಲ್ಲಿ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅಷ್ಟಕ್ಕೇ ನಿಲ್ಲದೆ ವಿಜಯನಗರದ ಹುಟ್ಟಿನ ಕಥೆಯನ್ನು ‘ಮಾಧವ ಕರುಣಾ ವಿಲಾಸ’ದಲ್ಲಿ ಸ್ವತಂತ್ರವಾಗಿ ಕಟ್ಟಿದರು. ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಅವರ ಗದ್ಯವನ್ನು ಮನೆಮನೆಗೆ ಮುಟ್ಟಿಸಿತು.

ಅವರ ವಾಕ್ಯಗಳು ಉದ್ದ, ಉಪದೇಶವೂ ಉಂಟು. ಆದರೆ ಪುರಾಣ ಹೇಳುವವರ ದನಿಯ ಆಪ್ತತೆ ಅಲ್ಲಿದೆ. ಮುಂದೇನಾಯಿತು ಎಂಬ ಕುತೂಹಲ ಓದುಗನ ಕೈ ಬಿಡುವುದಿಲ್ಲ. ಅಕ್ಷರ ಬಲ್ಲ ಒಬ್ಬ ಓದಿದರೆ ಸುತ್ತ ಕೂತ ಹತ್ತು ಜನ ಕೇಳಬಹುದಾದ ಗದ್ಯ ಅದು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರ ನಡಿಗೆ. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹೀಗೆ ಕಾದಂಬರಿಯ ಜೊತೆಗೆ ಅದರ ಓದುಗರನ್ನೂ ಸೃಷ್ಟಿಸಿದರು. 1942ರಲ್ಲಿ ತೀರಿಕೊಂಡ ಅವರನ್ನು ಕನ್ನಡ ನಾಡು ‘ಕಾದಂಬರಿ ಪಿತಾಮಹ’ ಎಂದು ಕರೆಯುತ್ತದೆ.

ನಮ್ಮ ಊರಿನ ಗ್ರಂಥಾಲಯಗಳಲ್ಲಿ ಗಳಗನಾಥರ ಒಂದಾದರೂ ಪುಸ್ತಕ ಇರಲಿ, ಅದು ಮಕ್ಕಳ ಕೈಗೆ ಸಿಗಲಿ.