ತೋರ್ತಿಯಾ: ಆಕಾರಕ್ಕೆ ಇಟ್ಟ ಹೆಸರು

ಸ್ಪ್ಯಾನಿಷ್‌ನಲ್ಲಿ ಬರೆಯುವಾಗ ಎರಡು ‘ಲ’ಕಾರ, ನುಡಿಯುವಾಗ ‘ಯ’: ತೋರ್ತಿಯಾ. ಮ್ಯಾಡ್ರಿಡ್‌ನಲ್ಲಿ ಈ ಹೆಸರು ಹೇಳಿದರೆ ಆಲೂಗಡ್ಡೆ ಸೇರಿಸಿದ ದಪ್ಪನೆಯ ಆಮ್ಲೆಟ್ಟು ಬರುತ್ತದೆ. ಮೆಕ್ಸಿಕೋದಲ್ಲಿ ಹೇಳಿದರೆ ಮುಸುಕಿನ ಜೋಳದ ತೆಳು ರೊಟ್ಟಿ. ಚಿಲಿಯಲ್ಲಿ ಬಿಸಿ ಬೂದಿಯೊಳಗೆ ಹುದುಗಿಸಿ ಸುಟ್ಟ ಬ್ರೆಡ್ಡಿಗೂ ಇದೇ ಹೆಸರುಂಟು. ಹೊಸಬರಿಗೆ ಇದು ಗೊಂದಲವೆನಿಸಬಹುದು, ಗೊಂದಲವೇನೂ ಇಲ್ಲ. ‘ತೋರ್ತಾ’ ಎಂದರೆ ದುಂಡಗೆ ಚಪ್ಪಟೆಯಾಗಿರುವ ತಿನಿಸು. ‘ತೋರ್ತಿಯಾ’ ಅದರ ಕಿರಿದಾದ ರೂಪ. ಹೆಸರು ಹಿಡಿದದ್ದು ಆಕಾರವನ್ನು, ಪದಾರ್ಥವನ್ನಲ್ಲ. ಅಕ್ಕಿಯದಾಗಲಿ ಜೋಳದ್ದಾಗಲಿ ನಾವು ರೊಟ್ಟಿ ಎಂದೇ ಕರೆಯುವುದಿಲ್ಲವೇ? ಆದ್ದರಿಂದ ತೋರ್ತಿಯಾವನ್ನು ಸವಿಯಬೇಕಾದವರು ಮೊದಲು ಊರು ಯಾವುದೆಂದು ಕೇಳಬೇಕು.

ಹಾಗಾದರೆ ಅಸಲಿ ಯಾವುದು, ಸ್ಪೇನಿನದೇ ಅಲ್ಲವೇ ಎಂಬ ಆಕ್ಷೇಪ ಏಳುತ್ತದೆ. ಪದ ಸ್ಪೇನಿನದು, ನಿಜ. ಆದರೆ 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ತೆಸ್‌ನ ದಂಡು ಮೆಕ್ಸಿಕೋದ ನೆಲಕ್ಕೆ ಕಾಲಿಡುವುದಕ್ಕೆ ಎಷ್ಟೋ ಮೊದಲೇ ಅಲ್ಲಿನವರು ಮುಸುಕಿನ ಜೋಳದ ರೊಟ್ಟಿ ತಟ್ಟುತ್ತಿದ್ದರು. ಅಲ್ಲಿನ ನಾವಾತ್ಲ್ ಭಾಷೆಯಲ್ಲಿ ಅದು ‘ತ್ಲಾಶ್ಕಾಲ್ಲಿ’. ಬಂದವರು ತಮಗೆ ಪರಿಚಿತವಾದ ಆಕಾರವನ್ನು ಕಂಡು ತಮ್ಮ ಹೆಸರಿಟ್ಟರು, ಅಷ್ಟೆ. ಆ ರೊಟ್ಟಿಯೊಳಗಿದ್ದ ವಿದ್ಯೆ ಜೋಳದ ಜೊತೆ ಯುರೋಪಿನ ಹಡಗು ಹತ್ತಲಿಲ್ಲ. ಮೆಕ್ಸಿಕೋದವರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆಯುತ್ತಾರೆ. ಇದರಿಂದ ಹಿಟ್ಟಿಗೆ ಅಂಟು ಬರುತ್ತದೆ, ಜೋಳದಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತದೆ. ಯುರೋಪು ಜೋಳವನ್ನು ಮಾತ್ರ ಒಯ್ದಿತು. 1735ರಲ್ಲಿ ಸ್ಪೇನಿನ ಆಸ್ತುರಿಯಾಸ್‌ನಲ್ಲಿ ಗಾಸ್ಪಾರ್ ಕಸಾಲ್ ಎಂಬ ವೈದ್ಯರು ಜೋಳವನ್ನೇ ನಂಬಿದ್ದ ಬಡ ರೈತರ ಚರ್ಮರೋಗವೊಂದನ್ನು ವಿವರಿಸಿದರು. ಇಂದು ಪೆಲಾಗ್ರ ಎನ್ನುವ ಆ ರೋಗಕ್ಕೆ ನಯಾಸಿನ್ ಕೊರತೆಯೇ ಕಾರಣ. ಇನ್ನು ಸ್ಪೇನಿನ ತೋರ್ತಿಯಾದ ಜೀವಾಳವಾದ ಆಲೂಗಡ್ಡೆಯೂ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ ಬಂದದ್ದೇ. ಅಸಲಿ-ನಕಲಿಯ ವ್ಯಾಜ್ಯ ಇಲ್ಲಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಚರಿತ್ರೆ ನಾಲಿಗೆಗೆ ಏಕೆ ಎಂದೂ ಕೇಳಬಹುದು. ಏನನ್ನು ಹುಡುಕಬೇಕೆಂದು ತಿಳಿಯದ ನಾಲಿಗೆಗೆ ಒಳ್ಳೆಯದು ಸಪ್ಪೆಯಾಗಿ ಕಾಣುತ್ತದೆ, ಅದಕ್ಕೆ. ಮೆಕ್ಸಿಕೋದ ತೋರ್ತಿಯಾವನ್ನು ಪಲ್ಯವಿಲ್ಲದೆ, ಬಿಸಿಯಿರುವಾಗಲೇ ಒಂದು ತುತ್ತು ತಿನ್ನಿ. ಸುಣ್ಣದಲ್ಲಿ ಬೆಂದ ಜೋಳದ ಮಣ್ಣಿನಂಥ ಘಮ ಮೂಗಿಗೆ ಬರಬೇಕು, ಮಡಚಿದರೆ ಬಿರಿಯಬಾರದು. ಕಾವಲಿಯ ಮೇಲೆ ಉಬ್ಬಿದ್ದರೆ ಹಿಟ್ಟಿನ ಹದ ಸರಿಯಿತ್ತೆಂದು ಅರ್ಥ. ಉತ್ತರದ ಸೊನೋರಾದಲ್ಲಿ ಗೋಧಿಯದೇ ರೂಢಿ. ಅದರಲ್ಲಿ ಈ ಘಮ ಹುಡುಕಬೇಡಿ. ಸ್ಪೇನಿನದರಲ್ಲಿ ಆಲೂಗಡ್ಡೆ ಗರಿಗರಿಯಾಗಿರಬಾರದು, ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಮೆತ್ತಗಾಗಿರಬೇಕು; ನಡುವೆ ಮೊಟ್ಟೆ ಇನ್ನೂ ತೇವವಾಗಿದ್ದರೆ ಮೇಲು. ಈರುಳ್ಳಿ ಇರಬೇಕೋ ಬೇಡವೋ ಎಂದು ಅಲ್ಲಿನವರು ಇಂದಿಗೂ ಎರಡು ಪಂಗಡವಾಗಿ ವಾದಿಸುತ್ತಾರೆ. ಇದ್ದರೇ ರುಚಿ ಎಂಬುದು ನನ್ನ ಮತ. ಬಾಣಲೆಗೆ ತಟ್ಟೆ ಮುಚ್ಚಿ ಆಮ್ಲೆಟ್ಟನ್ನು ಮಗುಚುವ ಗಳಿಗೆಯಿಂದಲೇ ‘ತೋರ್ತಿಯಾ ತಿರುವಿ ಹಾಕು’ ಎಂಬ ನುಡಿಗಟ್ಟು ಹುಟ್ಟಿತು: ಸೋಲುವವನು ಆಟವನ್ನೇ ತಲೆಕೆಳಗು ಮಾಡುವುದು ಎಂದರ್ಥ. ಮೆಕ್ಸಿಕೋದಲ್ಲಿ ಮಾತ್ರ ಪದ ಪೂರ್ತಿ ಮಗುಚಿಕೊಂಡಿಲ್ಲ. ನಾವಾತ್ಲ್ ಆಡುವ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಇಂದಿಗೂ ಇದ್ದಾರೆ. ಅವರ ಮಾತಿನಲ್ಲಿ ರೊಟ್ಟಿಗೆ ಹಳೆಯ ಹೆಸರು ಉಳಿದಿದೆ.